ಗದಾಯುದ್ಧದಲ್ಲಿ ಕವಿಯ ಸಂದೇಹ ಮತ್ತು ಸಮರ್ಪಣೆ

ಕನ್ನಡದ ಪ್ರಾಚೀನ ಕವಿಗಳು ಕಥಾರಂಭಕ್ಕೆ ಮುನ್ನ ತಮ್ಮನ್ನು ಕುರಿತು ಎರಡು ಬಗೆಯ ಮಾತುಗಳನ್ನು ಆಡುವುದು ವಾಡಿಕೆ. ಒಂದು ವಿನಯದ ಮಾತು: ಕಾರ್ಯ ದೊಡ್ಡದು, ತನ್ನ ಶಕ್ತಿ ಕಿರಿದು, ಹಿಂದಿನ ಮಹಾಕವಿಗಳು ನಡೆದ ದಾರಿಯಲ್ಲಿ ತಾನು ಕಾಲಿಡುವುದೆಂತು ಎಂಬ ಶಂಕೆ. ಇನ್ನೊಂದು ಹೆಮ್ಮೆಯ ಮಾತು: ತನಗೆ ಸಮನಾದವನು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ ಎಂಬ ಘೋಷಣೆ. ಪಂಪನಲ್ಲಿ ಇವೆರಡೂ ಉಂಟು. ವ್ಯಾಸರ ವಚನಸಮುದ್ರವನ್ನು ಈಜಲು ಹೊರಟರೂ ತಾನು ಕವಿವ್ಯಾಸನೆಂಬ ಗರ್ವ ತನಗಿಲ್ಲವೆಂದು ಹೇಳಿದವನು, ಅದೇ ಕಾವ್ಯದ ಕೊನೆಯ ವೇಳೆಗೆ ತನ್ನ ಕೃತಿಗಳು ಹಿಂದಿನ ಕಾವ್ಯಗಳನ್ನೆಲ್ಲ ಇಕ್ಕಿ ಮೆಟ್ಟಿದವೆಂದು ಹೇಳಲು ಹಿಂದೆಗೆಯುವುದಿಲ್ಲ. ಇವು ಕವಿಸಮಯಗಳೆಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಹೊಸ ಕಾರ್ಯಕ್ಕೆ ಕೈಹಾಕುವವನ ಎದೆಯಲ್ಲಿ ಏಳುವ ಹಿಂಜರಿಕೆ, ಅದನ್ನು ಮೀರಿ ಕಾರ್ಯಕ್ಕೆ ತನ್ನನ್ನು ಸಂಪೂರ್ಣವಾಗಿ ಒಪ್ಪಿಸಿಕೊಳ್ಳುವ ನಿರ್ಧಾರ, ಇವೆರಡೂ ಸಮಯಗಳಾಗುವ ಮೊದಲು ಅನುಭವಗಳಾಗಿದ್ದುವೆಂಬುದನ್ನು ಮರೆಯಲಾಗದು.

ಹೆಮ್ಮೆಯ ಮಾತಿನಲ್ಲಿ ರನ್ನನನ್ನು ಮೀರಿಸಿದವರಿಲ್ಲ. ಸರಸ್ವತಿಯ ಭಂಡಾರದ ಮುದ್ರೆಯನ್ನು ಒಡೆದವನು ತಾನೆಂದು ಅವನು ಹೇಳಿಕೊಂಡಿದ್ದಾನೆ. ಹಾವಿನ ಹೆಡೆಯ ರತ್ನವನ್ನೂ ತನ್ನ ಕೃತಿರತ್ನವನ್ನೂ ಪರೀಕ್ಷಿಸಹೊರಡುವವನಿಗೆ ಎಂಟು ಎದೆಗಳಿವೆಯೇ ಎಂದು ಕೇಳಿದ್ದಾನೆ. ಇಷ್ಟು ಎತ್ತರದ ದನಿ ಕೇಳಿಬಂದಲ್ಲಿ ಅದರ ಹಿಂದೆ ಏನನ್ನೋ ಅಡಗಿಸುವ ಶ್ರಮವಿದೆಯೆಂದು ಶಂಕಿಸುವುದು ಸಹಜ. ಆದರೆ ಆ ಶಂಕೆಯ ಮೇಲೆ ವಿಮರ್ಶೆಯನ್ನು ಕಟ್ಟಲಾಗದು. ಕವಿಯು ತನ್ನ ಕೃತಿಗೆ ತನ್ನನ್ನು ಪೂರ್ತಿಯಾಗಿ ಕೊಟ್ಟುಕೊಂಡನೇ, ಎಲ್ಲಿ ಕೊಟ್ಟುಕೊಂಡನು, ಎಲ್ಲಿ ಅರೆಮನಸ್ಸಿನಿಂದ ನಿಂತನು ಎಂಬುದು ಪೀಠಿಕೆಯ ಸಾಕ್ಷ್ಯದಿಂದ ತಿಳಿಯತಕ್ಕುದಲ್ಲ, ಕಾವ್ಯಶರೀರದಿಂದಲೇ ತಿಳಿಯಬೇಕು. ಗದಾಯುದ್ಧವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ರನ್ನನಿಗೆ ಹಿಂಜರಿಯಲು ಕಾರಣಗಳು ಸಾಕಷ್ಟಿದ್ದುವು. ಅವನು ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆತನದವನು. ಹುಟ್ಟಿದ್ದು ಸೌಮ್ಯ ಸಂವತ್ಸರದಲ್ಲಿ, ಕ್ರಿ. ಶ. 949ರಲ್ಲಿ; ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮನೆಯ ಕಸುಬನ್ನು ಬಿಟ್ಟು ವಿದ್ಯೆಯ ಬೆನ್ನುಹತ್ತಿ ಅಜಿತಸೇನಾಚಾರ್ಯರ ಶಿಷ್ಯನಾಗಿ, ಗಂಗಮಂತ್ರಿ ಚಾವುಂಡರಾಯನ ಆಶ್ರಯವನ್ನು ಪಡೆದು, ಕಡೆಗೆ ಚಾಲುಕ್ಯ ಚಕ್ರವರ್ತಿ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು. ಅವನ ಬಾಲ್ಯವನ್ನು ಕುರಿತು ಈಚೆಗೆ ಕಟ್ಟಿದ ಕತೆಗಳು ಮನೋಹರವಾಗಿವೆ. ಅವಕ್ಕೆ ಆಧಾರ ಸಾಲದು. ಕತೆಗಳ ಹಂಗಿಲ್ಲದೆಯೂ ಒಂದು ಸಂಗತಿ ನಿಲ್ಲುತ್ತದೆ: ಕುಲದ ಕಸುಬಿನಿಂದ ಕಾವ್ಯಕ್ಕೆ ಇರುವ ದೂರವನ್ನು ಅವನು ನಡೆದೇ ದಾಟಬೇಕಾಗಿದ್ದಿತು. ತನ್ನ ಬಳೆಗಾರ ಕುಲವನ್ನು ಅವನು ಮರೆಮಾಚದೆ ಹೇಳಿಕೊಂಡಿರುವುದು ಗಮನಾರ್ಹ.

ಎರಡನೆಯ ಕಾರಣ ಪಂಪ. ರನ್ನ ಹುಟ್ಟುವುದಕ್ಕೆ 8 ವರ್ಷ ಮೊದಲೇ, 941ರಲ್ಲಿ, ವಿಕ್ರಮಾರ್ಜುನ ವಿಜಯ ಮುಗಿದಿದ್ದಿತು. ಭಾರತಕಥೆಯನ್ನು ಕನ್ನಡದಲ್ಲಿ ಅಡಕವಾಗಿ ಅಖಂಡವಾಗಿ ಹೇಳಿ, ಕಥಾನಾಯಕನನ್ನು ಆಶ್ರಯದಾತನೊಡನೆ ಒಂದುಗೂಡಿಸುವ ದಾರಿಯನ್ನೂ ಪಂಪನು ಹಾಕಿಕೊಟ್ಟಿದ್ದನು. ರನ್ನನ ವಸ್ತು ಆ ಕಾವ್ಯದ 13ನೆಯ ಆಶ್ವಾಸದಲ್ಲಿ ಆಗಲೇ ಅಡಗಿದೆ. ಅಲ್ಲಿಂದ ಭಾವಗಳನ್ನೂ ಪದಪುಂಜಗಳನ್ನೂ ರನ್ನನು ಧಾರಾಳವಾಗಿ ಎತ್ತಿಕೊಂಡಿದ್ದಾನೆಂದು ವಿದ್ವಾಂಸರು ತೋರಿಸಿದ್ದಾರೆ. ಭಟ್ಟನಾರಾಯಣನ ವೇಣೀಸಂಹಾರದ ಋಣವೂ ಸ್ಪಷ್ಟವಾಗಿದೆ. ಇಷ್ಟು ಸಾಲ ಮಾಡಿದವನನ್ನು ಸ್ವತಂತ್ರ ಕವಿಯೆನ್ನಬಹುದೇ ಎಂಬ ಪ್ರಶ್ನೆ ಹಳೆಯದು. ಆದರೆ ಇಲ್ಲಿ ಬೇರೊಂದು ಸಂಗತಿಯನ್ನು ಲಕ್ಷಿಸಬೇಕು. ಪಂಪನನ್ನು ಅವನ ನೆಲದಲ್ಲಿಯೇ ಎದುರಿಸಬೇಕಾಗಿ ಬಂದ ರನ್ನನು ಸಮಸ್ತಭಾರತಕ್ಕೆ ಕೈಚಾಚಲಿಲ್ಲ. ಹದಿನೆಂಟನೆಯ ದಿನವೊಂದನ್ನೇ ಹಿಡಿದು, ಉಳಿದದ್ದನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಅದರೊಳಗೆ ತಂದನು. ಹಾಗೆಂದು ತಾನೇ ಹೇಳಿದನು. ಕ್ಷೇತ್ರವನ್ನು ಕಿರಿದುಗೊಳಿಸಿಕೊಂಡದ್ದು ಅಳುಕಿನ ಫಲವೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ. ಅಳುಕಿನಿಂದ ಹುಟ್ಟಿದ ಉಪಾಯವೇ ಕಾವ್ಯದ ಶಿಲ್ಪವಾಯಿತೆಂಬುದನ್ನೂ ಅಲ್ಲಗಳೆಯುವಂತಿಲ್ಲ. ಸಿಂಹವು ಹಿಂದಿರುಗಿ ನೋಡುವುದು ಮುಂದೆ ಹೆಜ್ಜೆಯಿಡುತ್ತಲೇ ಅಲ್ಲವೆ?

ಮೂರನೆಯದು ಆಶ್ರಯದಾತನ ಹಂಗು. ಈ ಲೇಖನಕ್ಕೆ ಮುಖ್ಯವಾದುದು ಇದೇ. ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನು ಕಾವ್ಯದ ನಾಯಕ. ಅವನಿಗೂ ಭೀಮನಿಗೂ ಅಭೇದ. ಸಾಹಸಭೀಮವಿಜಯವೆಂಬ ಇನ್ನೊಂದು ಹೆಸರು ಅಲ್ಲಿಂದ ಬಂದದ್ದು. ಸತ್ಯಾಶ್ರಯನ ಗೆಲವುಗಳನ್ನು ಕೊಂಡಾಡುವ ಸಂದರ್ಭದಲ್ಲಿ ರನ್ನನು ಕೊಂಕಣದ ಅರಸನಾದ ಅಪರಾಜಿತನ ಸೋಲನ್ನು ಹೇಳುತ್ತಾನೆ. ಈ ಅಪರಾಜಿತನು ಉತ್ತರ ಕೊಂಕಣದ ಶಿಲಾಹಾರ ದೊರೆ. ಠಾಣೆ, ಕಲ್ಯಾಣ, ಅಂಬರನಾಥಗಳೆಲ್ಲ ಸೇರಿದ ಈ ನೆಲದ ಒಡೆಯ. ರಾಷ್ಟ್ರಕೂಟರ ನಿಷ್ಠಾವಂತ ಸಾಮಂತರಾಗಿದ್ದ ಈ ವಂಶದವರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಳ್ಳುತ್ತಿದ್ದರು. ಅವರ ಸಂಸ್ಕೃತ ಶಾಸನಗಳ ನಡುವೆ ‘ಮಲಗಲಗಂಡ’ ಎಂಬಂತಹ ಅಚ್ಚಗನ್ನಡದ ಬಿರುದು ತಲೆಹಾಕುವುದನ್ನು ಇಲ್ಲಿಯ ಕನ್ನಡಿಗರು ಸಂತೋಷದಿಂದ ನೆನೆಯಬಹುದು. ತೈಲಪನು ರಾಷ್ಟ್ರಕೂಟ ಪ್ರಭುತ್ವವನ್ನು 973ರಲ್ಲಿ ಕಿತ್ತೊಗೆದ ಮೇಲೆಯೂ ಅಪರಾಜಿತನು ಚಾಲುಕ್ಯರಿಗೆ ತಲೆಬಾಗಲಿಲ್ಲ. ಶಕ 919ರ, ಎಂದರೆ 997ರ, ಭಾದಾನ ತಾಮ್ರಶಾಸನದಲ್ಲಿ ಅವನು ಅಳಿದುಹೋದ ರಾಷ್ಟ್ರಕೂಟರ ವಂಶಾವಳಿಯನ್ನು ಹೇಳಿಸಿ, ಆ ವಂಶದ ಪತನಕ್ಕಾಗಿ ಮರುಗಿದ್ದಾನೆ. ಅವನ ಮೇಲೆ ಸತ್ಯಾಶ್ರಯನು ದಂಡೆತ್ತಿಬಂದದ್ದು ಸಹಜವೇ ಆಗಿದೆ.

ಆ ಸೋಲನ್ನು ರನ್ನನು ಹೇಳುವ ರೀತಿ ಇದು: ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಮುದ್ರದಂತಹ ಚಾಲುಕ್ಯ ಸೈನ್ಯ, ಇವೆರಡರ ನಡುವೆ ಸಿಕ್ಕಿದ ಅಪರಾಜಿತನು, ಎರಡು ತುದಿಗಳಲ್ಲಿಯೂ ಉರಿ ಹತ್ತಿದ ಕೋಲಿನ ಮೇಲಣ ಹುಳುವಿನಂತೆ ನಡುಗಿದನು.

ಇತಿಹಾಸಕಾರರು ಈ ಪದ್ಯವನ್ನು ಒಂದು ಯುದ್ಧದ ದಾಖಲೆಯೆಂದು ಬಳಸಿಕೊಂಡು ಸುಮ್ಮನಾಗಿದ್ದಾರೆ. ಅವರ ಕೆಲಸ ಅಷ್ಟೇ. ಸಾಹಿತ್ಯದ ವಿದ್ಯಾರ್ಥಿ ಸ್ವಲ್ಪ ನಿಲ್ಲಬೇಕಾಗುತ್ತದೆ. ಪ್ರಶಸ್ತಿಪದ್ಯದ ಕೆಲಸ ಗೆದ್ದವನ ಪ್ರತಾಪವನ್ನು ಬೆಳಗಿಸುವುದು. ಶತ್ರುವನ್ನು ಅದು ಗರುಡನ ಮುಂದಣ ಹಾವೆಂದೋ ಸಿಂಹದ ಮುಂದಣ ಆನೆಯೆಂದೋ ಹೇಳಿ ಮುಗಿಸುತ್ತದೆ. ಆಗ ನಮ್ಮ ಕಣ್ಣು ಗರುಡನ ಮೇಲೆ, ಸಿಂಹದ ಮೇಲೆ ನಿಲ್ಲುತ್ತದೆ. ಇಲ್ಲಿ ಸತ್ಯಾಶ್ರಯನೆಲ್ಲಿ? ಅವನು ಬರಿಯ ಉರಿ. ಅದೂ ಎರಡು ಉರಿಗಳಲ್ಲಿ ಒಂದು. ನಾವು ನೋಡುವುದು ಹುಳುವನ್ನು. ಅದು ಒಂದು ತುದಿಯತ್ತ ಹರಿದು, ಬಿಸಿ ತಾಗಿ ತಿರುಗಿ, ಇನ್ನೊಂದು ತುದಿಯತ್ತ ಹರಿದು, ಮತ್ತೆ ತಿರುಗುವುದನ್ನು ಕವಿ ಹೇಳಿಲ್ಲ. ಉಪಮಾನವೇ ಅದನ್ನು ಹೇಳಿಬಿಡುತ್ತದೆ. ಹೊಗಳಿಕೆಯ ಕರ್ತವ್ಯಕ್ಕೆ ಕೂತ ಕವಿಯ ಕಲ್ಪನೆ, ತನಗೆ ತಿಳಿಯದಂತೆ, ಸಿಕ್ಕಿಬಿದ್ದವನ ಪಕ್ಕಕ್ಕೆ ಹೋಗಿ ಕುಳಿತಿದೆ. ಗದಾಯುದ್ಧದ ಮುಂದಿನ ಇತಿಹಾಸವೆಲ್ಲ ಈ ಒಂದು ಉಪಮೆಯಲ್ಲಿ ಬೀಜರೂಪವಾಗಿ ಇದೆಯೆಂದು ನನ್ನ ಎಣಿಕೆ.

ಮೊದಲ ಭಾಗದ ಭೀಮನನ್ನು ನೋಡಿರಿ. ದ್ರೌಪದಿಯ ಬಿಚ್ಚಿದ ಮುಡಿ, ಭೀಮನ ಪ್ರತಿಜ್ಞೆ, ಅವರಿಬ್ಬರ ಸಂವಾದ ಎಲ್ಲವೂ ಓಜಸ್ವಿಯಾಗಿವೆ. ನಾಟಕದ ಗತ್ತು ಇದೆ. ಕಂಚುಕಿ, ವಿದೂಷಕರೂ ಬಂದುಹೋಗುತ್ತಾರೆ. ಈ ನಾಟಕೀಯತೆಯಿಂದ ಕೃತಿಯನ್ನು ಕವಿಯು ಮೊದಲು ನಾಟಕವಾಗಿಯೇ ಯೋಚಿಸಿದ್ದನೆಂದು ಊಹಿಸಿದವರೂ ಉಂಟು. ಆದರೂ ಭೀಮನ ಮಾತು ಒಂದೇ ಶ್ರುತಿಯಲ್ಲಿ ಸಾಗುತ್ತದೆ. ಗರ್ಜನೆಯಿಂದ ಗರ್ಜನೆಗೆ ಹೋಗುವ ಪಾತ್ರಕ್ಕೆ ಬೆಳೆಯಲು ಎಡೆಯಿಲ್ಲ. ಕವಿಯ ಪದಸಂಪತ್ತು ಅಲ್ಲಿ ಸಂಪೂರ್ಣವಾಗಿ ವ್ಯಯವಾಗಿದೆ. ಕವಿ ಮಾತ್ರ ಪೂರ್ಣವಾಗಿ ಅಲ್ಲಿಲ್ಲ. ಚಕ್ರವರ್ತಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದಕ್ಷ ಸೇವಕನೊಬ್ಬನು ಇದ್ದಾನೆ. ಇದನ್ನು ದೋಷವೆಂದು ಎತ್ತಿ ಆಡಬೇಕಾಗಿಲ್ಲ. ಅನ್ನ ಕೊಟ್ಟ ಕೈಗೆ ಸಲ್ಲಿಸಿದ ಕಪ್ಪವಿದು.

ದುರ್ಯೋಧನನು ರಂಗಕ್ಕೆ ಬಂದೊಡನೆ ಗಾಳಿಯೇ ಬೇರೆಯಾಗುತ್ತದೆ. ಕರ್ಣನೂ ದುಶ್ಶಾಸನನೂ ಸತ್ತ ಮೇಲೆ ಸಂಧಿ ಮಾಡಿಕೊಳ್ಳೆಂದು ಧೃತರಾಷ್ಟ್ರ ಗಾಂಧಾರಿಯರು ಬೇಡುತ್ತಾರೆ. ಅವನ ಉತ್ತರ ಕನ್ನಡಿಗರಿಗೆಲ್ಲ ಬಾಯಿಪಾಠ: ತಾನು ಹೋರುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ. ಈ ಮಾತನ್ನು ಬಿಡಿಯಾಗಿ ಕೇಳಿದವರು ಅದನ್ನು ಬರಿಯ ಹಟವೆಂದು ತಿಳಿಯುತ್ತಾರೆ. ಮುಂದಣ ಪ್ರಸಂಗಗಳೊಡನೆ ಓದಿದಾಗ ಅದರ ಬಣ್ಣ ಬದಲಾಗುತ್ತದೆ. ಸಂಜಯನ ಹೆಗಲನ್ನು ಆಶ್ರಯಿಸಿ, ಹೆಣಗಳ ನಡುವೆ ಜಾರುತ್ತ, ಮರುಳುಗಳ ಮೂದಲೆಯನ್ನು ಕೇಳುತ್ತ ಅವನು ಭೀಷ್ಮರಿರುವೆಡೆಗೆ ನಡೆಯುತ್ತಾನೆ. ದಾರಿಯಲ್ಲಿ ದ್ರೋಣನ ಶವ. ಮಗ ಲಕ್ಷಣಕುಮಾರನ ಶವ. ಮಗನಿಂದ ತಂದೆಗೆ ಸಲ್ಲಬೇಕಾದ ಜಲಾಂಜಲಿ ತಂದೆಯಿಂದ ಮಗನಿಗೆ ಸಲ್ಲುವಂತಾಯಿತಲ್ಲ ಎಂದು ಅವನು ಹಲುಬುತ್ತಾನೆ. ದುಶ್ಶಾಸನನ ಮುಂದೆ ನಿಂತಾಗ, ತಾಯ ಮೊಲೆವಾಲಿನಿಂದ ಮೊದಲುಗೊಂಡು ಎಲ್ಲವನ್ನೂ ಅಣ್ಣನ ತರುವಾಯ ಪಡೆದ ತಮ್ಮನು ಸಾವಿನಲ್ಲಿ ಮಾತ್ರ ಕ್ರಮ ತಪ್ಪಿಸಿ ಮುಂದೆ ಹೋದನೆಂಬ ದುಃಖ. ಇಷ್ಟು ಮನೆಯ ಮಾತಿನಲ್ಲಿ, ಇಷ್ಟು ನಿರಾಭರಣವಾಗಿ, ಚಕ್ರವರ್ತಿಯೊಬ್ಬನ ಶೋಕವನ್ನು ಹೇಳಿದ ಹಳಗನ್ನಡ ಕವಿ ಇನ್ನೊಬ್ಬನಿಲ್ಲ.

ಎಲ್ಲಕ್ಕೂ ಮಿಗಿಲಾದುದು ಅಭಿಮನ್ಯುವಿನ ಪ್ರಸಂಗ. ಶತ್ರುವಿನ ಮಗ, ತನ್ನವರು ಕೂಡಿ ಕೊಂದ ಬಾಲಕ. ಆ ಶವದ ಮುಂದೆ ದುರ್ಯೋಧನನು ಕೈಮುಗಿಯುತ್ತಾನೆ. ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ತನಗೂ ಆಗಲೆಂದು ಬೇಡುತ್ತಾನೆ. ಸತ್ಯಾಶ್ರಯನ ಆಸ್ಥಾನಕವಿಗೆ ಈ ಪದ್ಯವನ್ನು ಬರೆಯಬೇಕಾದ ಅವಶ್ಯಕತೆಯೇ ಇರಲಿಲ್ಲ. ಪ್ರತಿನಾಯಕನು ಹೀನನಾದಷ್ಟೂ ನಾಯಕನಿಗೆ ಕ್ಷೇಮ. ಪ್ರತಿನಾಯಕನ ಔನ್ನತ್ಯದಿಂದ ಅವನನ್ನು ಗೆದ್ದವನ ಔನ್ನತ್ಯ ಹೆಚ್ಚುತ್ತದೆಂದು ಆಲಂಕಾರಿಕರು ಒಂದು ಸಮಾಧಾನ ಹೇಳುವುದುಂಟು. ಆದರೆ ಈ ಪದ್ಯವನ್ನು ಓದುವಾಗ ಗೆಲ್ಲುವವನ ನೆನಪು ಯಾರಿಗಾದರೂ ಬರುವುದೇ? ಇಲ್ಲಿ ಲೆಕ್ಕಾಚಾರವಿಲ್ಲ. ಕವಿಯು ತನ್ನ ಒಡೆಯನ ಶತ್ರುವಿನೊಳಗೆ ಹೊಕ್ಕು, ಆ ಶತ್ರುವಿನ ಮೂಲಕ ಅವನ ಶತ್ರುವಿಗೆ ನಮಸ್ಕರಿಸಿದ್ದಾನೆ. ಸಂದೇಹವನ್ನು ಮೀರಿ ಕೃತಿಗೆ ಒಪ್ಪಿಸಿಕೊಳ್ಳುವುದೆಂಬ ಮಾತಿಗೆ ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಉದಾಹರಣೆ ಬೇಕಾದರೆ ನಾನು ತೋರಿಸುವುದು ಈ ಸ್ಥಳವನ್ನು.

ಭೀಷ್ಮರ ಸಲಹೆಯಂತೆ, ಮರುದಿನ ಬಲರಾಮ, ಅಶ್ವತ್ಥಾಮ ಮೊದಲಾದವರು ಬಂದು ಸೇರುವವರೆಗೆ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಬೇಕು. ಅಡಗುವುದು ಅವನ ಪ್ರಕೃತಿಗೆ ಒಗ್ಗದ ಕೆಲಸ. ಹಿರಿಯರ ಮಾತಿಗೆ ಒಪ್ಪಿ ನೀರಿಗೆ ಇಳಿಯುತ್ತಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ನೀರಿನೊಳಗಿದ್ದೂ ದುರ್ಯೋಧನನು ಬೆವರಿದನೆಂದು ರನ್ನ ಹೇಳಿದುದು ಎಷ್ಟು ಪ್ರಸಿದ್ಧವೆಂದರೆ, ಅದನ್ನು ಶಬ್ದಚಮತ್ಕಾರವೆಂದು ಮೆಚ್ಚಿ ಮುಂದೆ ಹೋಗುವ ಅಭ್ಯಾಸ ನಮಗಾಗಿಬಿಟ್ಟಿದೆ. ಈಗ ಆ ಹುಳುವನ್ನು ನೆನೆಯಿರಿ. ಅಪರಾಜಿತನಿಗೆ ಒಂದು ಕಡೆ ನೀರು, ಒಂದು ಕಡೆ ಸತ್ಯಾಶ್ರಯ. ದುರ್ಯೋಧನನಿಗೂ ಸುತ್ತ ನೀರು, ದಡದಲ್ಲಿ ಸತ್ಯಾಶ್ರಯನೇ ಆದ ಭೀಮ. ಪ್ರಶಸ್ತಿಯಲ್ಲಿ ಒಂದು ಪದ್ಯದಷ್ಟಿದ್ದ ಚಿತ್ರ ಇಲ್ಲಿ ಒಂದು ದೃಶ್ಯವಾಗಿ ಬೆಳೆದಿದೆ. ಅಲ್ಲಿ ಕವಿ ಹೊರಗೆ ನಿಂತು ಹುಳುವನ್ನು ಕಂಡನು. ಇಲ್ಲಿ ನೀರೊಳಗೆ ಇಳಿದು ಬೆವರನ್ನು ಕಂಡನು. ಹೊರಗಿನಿಂದ ಯಾರಿಗೂ ಕಾಣದ ಬೆವರದು. ದಡದ ಭೀಮನಿಗೆ ಕಾಣದು, ಹುಡುಕುವ ಪಾಂಡವರಿಗೆ ಕಾಣದು. ಒಳಗಿದ್ದವನಿಗೆ ಮಾತ್ರ ಗೊತ್ತು. ಎರಡು ಪದ್ಯಗಳ ನಡುವಣ ಅಂತರವೇ ಸಂಕೋಚಕ್ಕೂ ಸಮರ್ಪಣೆಗೂ ಇರುವ ಅಂತರ.

ದುರ್ಯೋಧನನು ನೀರಿನಿಂದ ಏಳುವುದೂ ಗಮನಾರ್ಹ. ಆ ಕ್ಷಣದಿಂದ ಕೊನೆಯ ಪೆಟ್ಟಿನವರೆಗೆ ಅವನಲ್ಲಿ ಅನುಮಾನವೆಂಬುದು ಲವಲೇಶವೂ ಇಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಬಲವಾದುದು. ಹೀಗೆ ಹೃದಯವನ್ನು ಪ್ರತಿನಾಯಕನಿಗೂ ಕಿರೀಟವನ್ನು ನಾಯಕನಿಗೂ ಕೊಟ್ಟದ್ದರಿಂದ ಕಾವ್ಯ ಇಬ್ಭಾಗವಾಯಿತಲ್ಲವೆ? ಕೊನೆಯ ಆಶ್ವಾಸದಲ್ಲಿ ಪಟ್ಟವಾಗುವುದು ಧರ್ಮರಾಯನಿಗಲ್ಲ, ಭೀಮನಿಗೆ. ಸತ್ಯಾಶ್ರಯನಿಗಾಗಿ ಮಹಾಭಾರತವನ್ನೇ ತಿದ್ದಿದ ಈ ಉತ್ಸವ, ಊರುಭಂಗದ ತರುವಾಯ ನೀರಸವಾಗಿ ಕಾಣುತ್ತದೆಂಬುದನ್ನು ಒಪ್ಪಲೇಬೇಕು. ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ಗದಾಯುದ್ಧ ನಾಟಕವಾಗಿ ಸಂಯೋಜಿಸಿದಾಗ ಅದನ್ನು ದುರ್ಯೋಧನನ ದುರಂತವನ್ನಾಗಿಯೇ ಕಂಡರು. ಅವರು ಬಳಸಿದ್ದು ಬಹುಮಟ್ಟಿಗೆ ರನ್ನನ ಪದ್ಯಗಳನ್ನೇ. ಕವಿಯ ಮಾತನ್ನೇ ಇಟ್ಟುಕೊಂಡು ಕವಿಯ ಹಂಗನ್ನು ಮಾತ್ರ ಕಳೆದ ಈ ಕಾರ್ಯ, ನಮ್ಮಲ್ಲಿ ನಡೆದ ಅತ್ಯುತ್ತಮ ವಿಮರ್ಶೆಗಳಲ್ಲಿ ಒಂದು. ಆದರೆ ನಾಟಕವಾದಾಗ ಕೃತಿಗೆ ಬಂದ ಏಕತೆ ಮೂಲಕ್ಕೆ ಇಲ್ಲದಿರುವುದನ್ನು ಬರಿಯ ಕೊರತೆಯೆಂದು ನಾನು ತಿಳಿಯಲಾರೆ. ಮೂಲದಲ್ಲಿ ಕವಿಯ ಹಿಂಜರಿಕೆಯೂ ಉಳಿದಿದೆ. ಭೀಮನಿಗೆ ಸಲ್ಲಿಸಿದ ಭಾಗಗಳು ಅದರ ಗುರುತು. ಅವು ಇರುವುದರಿಂದಲೇ ದುರ್ಯೋಧನನ ಭಾಗಗಳಲ್ಲಿ ಕವಿ ಏನನ್ನು ಒತ್ತೆಯಿಟ್ಟನೆಂಬುದು ತಿಳಿಯುತ್ತದೆ.

ರನ್ನನ ಇನ್ನೊಂದು ಕಾವ್ಯವಾದ ಅಜಿತಪುರಾಣದಲ್ಲಿ ಈ ಇಕ್ಕಟ್ಟು ಇಲ್ಲ. 993ರಲ್ಲಿ ಮುಗಿದ ಆ ಕೃತಿಗೆ ಆಶ್ರಯವಿತ್ತವಳು ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ. ಕವಿಯ ಶ್ರದ್ಧೆ, ಆಶ್ರಯದಾತೆಯ ಶ್ರದ್ಧೆ, ವಸ್ತು, ಮೂರೂ ಒಂದೇ ಆಗಿದ್ದುವು. ಅತ್ತಿಮಬ್ಬೆಯ ಚಿತ್ರ ಉಜ್ಜ್ವಲವಾಗಿದೆ. ಉಳಿದಂತೆ ಕಾವ್ಯ ಸಮತಲದಲ್ಲಿ ಹರಿಯುತ್ತದೆ. ಮನಸ್ಸಿಗೆ ಎದುರಾಗಿ ನಿಲ್ಲುವುದು ಯಾವುದೂ ಇಲ್ಲದಾಗ ಮನಸ್ಸನ್ನು ಕೊಡುವುದು ಸುಲಭ. ಸುಲಭವಾಗಿ ಕೊಟ್ಟದ್ದರ ತೂಕವೂ ಅಷ್ಟೇ ಎಂದು ಹೇಳಿದರೆ ಜಿನಭಕ್ತ ರನ್ನನಿಗೆ ಅಪಚಾರವಾದೀತೇನೋ. ಆದರೆ ಓದುಗರು ಸಾವಿರ ವರ್ಷಗಳಿಂದ ಎರಡು ಕಾವ್ಯಗಳ ನಡುವೆ ಆರಿಸಿಕೊಂಡೇ ಬಂದಿದ್ದಾರೆ.

ಮುಂಬಯಿ ಪ್ರಾಂತದಲ್ಲಿ ಬರೆಯುವ ಕನ್ನಡಿಗರಿಗೆ ಈ ಪ್ರಶ್ನೆ ಬೇರೊಂದು ವೇಷದಲ್ಲಿ ಎದುರಾಗುತ್ತದೆ. ಕಾರ್ಖಾನೆ, ಕಛೇರಿ, ಹೋಟೆಲುಗಳ ದುಡಿಮೆ ಹಗಲನ್ನು ತಿನ್ನುತ್ತದೆ. ಲೋಕಲ್ ರೈಲು ಉಳಿದುದನ್ನು ತಿನ್ನುತ್ತದೆ. ನೌಕರಿಯನ್ನು ಬಿಟ್ಟ ಹೊರತು ಬರವಣಿಗೆಗೆ ಪೂರ್ತಿಯಾಗಿ ಒಪ್ಪಿಸಿಕೊಂಡಂತಾಗದೆಂದು ನಮ್ಮ ತರುಣರು ಗೋಷ್ಠಿಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಯಶವಂತ ಚಿತ್ತಾಲರ (1928–2014) ಉದಾಹರಣೆ ಈ ಮಾತಿಗೆ ಅನುಕೂಲವಾಗಿಲ್ಲ. ಹನೇಹಳ್ಳಿಯಿಂದ ಮುಂಬಯಿಗೆ ಬಂದ ಅವರು ಕೃತಕ ರಾಳಗಳ ಉದ್ಯಮದಲ್ಲಿ ತಂತ್ರಜ್ಞರಾಗಿ ದುಡಿಯುತ್ತಲೇ ಬರೆದರು. 1979ರ ಶಿಕಾರಿಯಲ್ಲಿ ಆ ಉದ್ಯಮದ ಲೋಕವನ್ನೇ ವಸ್ತುವಾಗಿಸಿಕೊಂಡರು. ಕಂಪನಿಯ ಒಳಸಂಚಿಗೆ ಸಿಕ್ಕಿ ಬೇಟೆಯ ಮೃಗದಂತಾದ ಅಲ್ಲಿಯ ನಾಗಪ್ಪನೂ ಎರಡು ತುದಿ ಉರಿಯುವ ಕೋಲಿನ ಮೇಲೆ ಇರುವವನೇ. ರನ್ನನು ಆಸ್ಥಾನವನ್ನು ಬಿಡಲಿಲ್ಲ, ಚಿತ್ತಾಲರು ಉದ್ಯೋಗವನ್ನು ಬಿಡಲಿಲ್ಲ. ಇಬ್ಬರೂ ತಮಗೆ ಅನ್ನವಿತ್ತ ಲೋಕದಲ್ಲಿದ್ದುಕೊಂಡೇ, ಆ ಲೋಕವು ಮೂಲೆಗೊತ್ತಿದವನೊಳಗೆ ಇಳಿದರು. ಕಾಲ, ಪ್ರಕಾರ, ಭಾಷೆ ಎಲ್ಲವೂ ಬೇರೆ. ಹೋಲಿಕೆಯನ್ನು ಇದಕ್ಕಿಂತ ಎಳೆಯುವುದು ಸಲ್ಲದು.

ಇನ್ನು ಅಪರಾಜಿತನ ವಿಷಯ. ಅವನು ಉರಿಯಿಂದ ಪಾರಾದನು, ವಂಶವೂ ಉಳಿಯಿತು. ಅವನ ಮೊಮ್ಮಕ್ಕಳಾದ ಛಿತ್ತರಾಜ, ನಾಗಾರ್ಜುನ, ಮುಮ್ಮುಣಿಗಳು ಒಬ್ಬರಾದ ಮೇಲೊಬ್ಬರು ಆಳಿದರು. ಅಂಬರನಾಥದ ಶಿವಾಲಯವನ್ನು ಛಿತ್ತರಾಜನು ಆರಂಭಿಸಿದನೆಂದು ವಿದ್ವಾಂಸರ ಅಭಿಪ್ರಾಯ. ಮುಮ್ಮುಣಿಯ ಕಾಲದ ಶಕ 982ರ, ಎಂದರೆ 1060ರ, ಶಾಸನ ಅಲ್ಲಿ ದೊರೆತಿದೆ. ಅದರಲ್ಲಿ ಅರಸನ ಹೆಸರು ಮಾಂವಾಣಿಯೆಂದಿದೆ. ವಾಲಧುನಿ ಹೊಳೆಯ ದಡದ ಆ ಕರಿಗಲ್ಲಿನ ಗುಡಿಯಲ್ಲಿ ಗರ್ಭಗೃಹಕ್ಕೆ ಮೆಟ್ಟಿಲುಗಳನ್ನು ಇಳಿದು ಹೋಗಬೇಕು. ಭೂಮಿಜ ಶೈಲಿಯ ಶಿಖರ ಇಂದು ಪೂರ್ಣವಾಗಿಲ್ಲ. ಹೊರಗೋಡೆಗಳ ಶಿಲ್ಪವನ್ನು ಕುರಿತು ಸಾಕಷ್ಟು ಬರೆದಿದ್ದಾರೆ. ಆದರೆ ಈ ಗುಡಿಯನ್ನು ಕಟ್ಟಿಸಿದವರ ಅಜ್ಜನು ಕನ್ನಡದ ಒಂದು ಮಹಾಕಾವ್ಯದಲ್ಲಿ ಇದ್ದಾನೆಂಬುದನ್ನು, ಶಿವರಾತ್ರಿಯ ಜಾತ್ರೆಗೆ ಅಲ್ಲಿ ನೆರೆಯುವ ನಮ್ಮವರಲ್ಲಿ ಬಲ್ಲವರು ವಿರಳ.

ಗದಾಯುದ್ಧದ ಕಾಲನಿರ್ಣಯಕ್ಕೂ ಈ ಪದ್ಯ ಬೇಕಾದುದೇ. ಕಾವ್ಯವು ಅಜಿತಪುರಾಣಕ್ಕಿಂತ ಹಿಂದಿನದೆಂದು ಕೆಲವರು, ಸತ್ಯಾಶ್ರಯನು 997ರಲ್ಲಿ ಪಟ್ಟಕ್ಕೆ ಬಂದ ಮೇಲಿನದೆಂದು ಕೆಲವರು ವಾದಿಸಿದ್ದಾರೆ. ಅಪರಾಜಿತನು 997ರ ಶಾಸನದಲ್ಲಿ ಚಾಲುಕ್ಯರ ಅಧೀನತೆಯನ್ನು ಒಪ್ಪಿಕೊಂಡಿಲ್ಲ. ಅವನ ಸೋಲು ಅದಕ್ಕೆ ಮೊದಲು, ಸತ್ಯಾಶ್ರಯನು ಯುವರಾಜನಾಗಿದ್ದಾಗ ಒದಗಿದುದಾದರೆ, ಶಾಸನದ ಆ ಬಿಗುಮಾನವನ್ನು ವಿವರಿಸಬೇಕಾಗುತ್ತದೆ. ಅನಂತರದ್ದಾದರೆ, ರನ್ನನು ಐವತ್ತರ ಸಮೀಪದಲ್ಲಿ, ಕವಿಚಕ್ರವರ್ತಿಯೆನಿಸಿ, ಕಳೆದುಕೊಳ್ಳುವುದಕ್ಕೆ ಬಹಳವಿದ್ದ ಕಾಲದಲ್ಲಿ, ವೈಶಂಪಾಯನ ಸರೋವರಕ್ಕೆ ಇಳಿದನೆಂದಾಗುತ್ತದೆ. ನನಗೆ ಎರಡನೆಯ ಪಕ್ಷವೇ ಹೆಚ್ಚು ಒಪ್ಪಿಗೆಯಾಗಿದೆ.